ಅಟ್ಟಕ್ಕೆ ಯಾವ ಏಣಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ ಅಡುಗೆಮನೆ ಅಟ್ಟದ ಬಗ್ಗೆ ಒಂದೆರಡು ಸಾಲು ಬರೆದಿದ್ದೇ ತಡ, ಏಣಿ ಬಗ್ಗೆ ಪತ್ರ, ಮೆಸೇಜು ಬಂದಿದ್ದೇ ಬಂದಿದ್ದು. ಮನೆ ಕಟ್ಟೋವಾಗ ಎಲ್ರೂ ಅಟ್ಟ ಬೇಕು ಅಂತಾರೆ, ಅದನ್ನ ಹತ್ತೋದು ಹೇಗೆ ಅಂತ ಮಾತ್ರ ಯಾರೂ ಯೋಚಿಸಿರಲ್ಲ. ಬೇರೆ ಬೇರೆ ಥರದ ಮನೆಗಳ ಪ್ರಶ್ನೆ ಆರಿಸಿ ಉತ್ತರ ಬರೆದಿದೀನಿ, ನಿಮ್ಮದು ಬಿಟ್ಟುಹೋಗಿದ್ರೆ ಇದರಲ್ಲೇ ಯಾವುದಾದ್ರೂ ಒಂದು ನಿಮ್ಮನೆಗೂ ಹೊಂದತ್ತೆ ನೋಡಿ.

ಪ್ರಶ್ನೆ: ನಮ್ದು ಎರಡನೇ ಮಹಡೀಲಿ ಬಾಡಿಗೆ ಮನೆ, ಒಂದೇ ಬೆಡ್‌ರೂಮು. ಬಾತ್‌ರೂಮ್ ಮುಂದಿನ ಪ್ಯಾಸೇಜ್ ಮೇಲೆ ಅಟ್ಟ ಇದೆ, ದಸರಾ ಗೊಂಬೆ, ಸೂಟ್‌ಕೇಸು, ಅತ್ತೆಯವರ ಹಿತ್ತಾಳೆ ಪಾತ್ರೆ ಎಲ್ಲ ಅದರಲ್ಲೇ. ಪ್ಯಾಸೇಜು ಮೂರಡಿ ಅಗಲ ಅಷ್ಟೇ. ಈಗ ಟೇಬಲ್ ಎಳ್ಕೊಂಡು ಬಂದು ಅದರ ಮೇಲೆ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಹತ್ತುತೀವಿ. ಕೋಲಲ್ಲಿ ಎಳೆದ್ರೆ ಸೀಲಿಂಗಿಂದ ತಾನೇ ಬಿಚ್ಕೊಂಡು ಇಳಿಯೋ ಏಣಿ ವಿಡಿಯೋದಲ್ಲಿ ನೋಡ್ದೆ, ತುಂಬ ಇಷ್ಟ ಆಯ್ತು. ಅದು ನಮ್ಮನೆಗೆ ಆಗತ್ತಾ ಮೇಡಂ?
– ಗೃಹಿಣಿ, ಗಿರಿನಗರ, ಬೆಂಗಳೂರು

ಉತ್ತರ: ಆಗಲ್ಲ. ಮೊದಲು ಆ ಟೇಬಲ್ ಮೇಲಿನ ಸ್ಟೂಲನ್ನ ಇವತ್ತೇ ನಿಲ್ಲಿಸಿ, ಆಮೇಲೆ ಮಿಕ್ಕಿದ್ದು ಮಾತಾಡೋಣ.

ನೀವು ವಿಡಿಯೋದಲ್ಲಿ ನೋಡಿದ ಏಣಿ ಬೇರೆ ಥರದ ಮನೆಗೆ ಮಾಡಿದ್ದು. ಅಲ್ಲಿ ಸೀಲಿಂಗ್ ಮೇಲೆ, ಇಳಿಜಾರು ಚಾವಣಿ ಕೆಳಗೆ, ಇಡೀ ಮನೆ ಅಗಲದ ಖಾಲಿ ಜಾಗ ಇರತ್ತೆ, ಅದಕ್ಕೆ ಕೆಳಗಿಂದ ಒಂದು ಬಾಗಿಲು. ನಮ್ಮ ಅಟ್ಟಕ್ಕೆ ಬಾಯಿ ಇರೋದು ಮುಂದೆ, ಕೆಳಗಲ್ಲ. ಅಂಥ ಏಣಿಗೆ ಸುಮಾರು 120 ಸೆಂಟಿಮೀಟರ್ ಉದ್ದ, 55ರಿಂದ 70 ಅಗಲದ ಕಿಂಡಿ ಬೇಕು, ನಿಮ್ಮ ಅಟ್ಟದ ಅರ್ಧ ಜಾಗ ಕಿಂಡಿಗೇ ಹೋಗತ್ತೆ, ಜತೆಗೆ ಮೋಲ್ಡ್ ಕೊರೀಬೇಕು, ಓನರ್ ಬಿಡ್ತಾರಾ? ಬಿಟ್ರೂ ಬೇಡ.

ಗೋಡೆಗೆ ಒರಗಿಸೋ ನೇರ ಏಣೀನೂ ಬೇಡ. ಅದಕ್ಕೊಂದು ಲೆಕ್ಕ ಇದೆ, ನಾಲ್ಕಡಿ ಎತ್ತರಕ್ಕೆ ಒಂದಡಿ ಆಚೆ ಇರಬೇಕು ಏಣಿ ಕಾಲು, ಅಂದ್ರೆ ಏಳಡಿ ಮೇಲಿರೋ ಅಟ್ಟಕ್ಕೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಅಡಿ. ಅಷ್ಟು ಜಾಗವೇನೋ ನಿಮ್ಮಲ್ಲಿ ಸಿಗತ್ತೆ. ಆದ್ರೆ ಒರಗಿಸಿದ ಏಣಿ ತಲುಪೋ ಜಾಗಕ್ಕಿಂತ ಮೂರಡಿ ಮೇಲಕ್ಕೆ ಚಾಚಿರಬೇಕು, ಹತ್ತಿ ಇಳಿಯೋವಾಗ ಕೈಗೆ ಹಿಡಿಯೋಕೆ ಏನಾದ್ರೂ ಬೇಕಲ್ಲ. ಅಟ್ಟದ ಮೇಲೆ ಎರಡು ಎರಡೂವರೆ ಅಡೀಲೇ ಮೇಲಿನ ಮೋಲ್ಡ್ ಸಿಗತ್ತೆ, ಚಾಚೋಕೆ ಜಾಗವೇ ಇಲ್ಲ, ಮೇಲಾಗಿ ಅಟ್ಟದ ಅಂಚಿಗೆ ನುಣ್ಣಗೆ ಪೇಂಟ್ ಹೊಡೆದಿರ್ತಾರೆ, ಏಣಿ ತುದಿ ಪಕ್ಕಕ್ಕೆ ಜಾರತ್ತೆ.

ನಿಮಗೆ ಬೇಕಿರೋದು ತನ್ನ ಕಾಲ ಮೇಲೆ ತಾನೇ ನಿಲ್ಲೋ, ಮಡಚೋ ಸ್ಟೆಪ್ ಏಣಿ. ಎಷ್ಟು ಸ್ಟೆಪ್ಪಿಂದು ಅಂತ ಅಂಗಡೀಲಿ ಕೇಳಿದ್ರೆ ದೊಡ್ಡದನ್ನೇ ಕೊಡ್ತಾರೆ, ನೀವೇ ಅಳೀರಿ. ನೆಲದಿಂದ ಅಟ್ಟದ ಮೇಲ್ಭಾಗಕ್ಕೆ ಎಷ್ಟು ಅಂತ ಟೇಪ್ ಹಿಡಿದು ನೋಡಿ, ಏಳು ಏಳೂಕಾಲು ಅಡಿ ಇರಬಹುದು. ನಿಂತಾಗ ಅಟ್ಟ ನಿಮ್ಮ ಎದೆ ಮಟ್ಟಕ್ಕೆ ಬಂದ್ರೆ ಸಾಕು. ಐದಡಿ ಎರಡಿಂಚು ಎತ್ತರದವರ ಎದೆ ನಾಲ್ಕಡಿ ಆಸುಪಾಸು, ಹಾಗಾದ್ರೆ ಕಾಲು ಮೂರಡಿ ಎತ್ತರದಲ್ಲಿರಬೇಕು, ಅಂದ್ರೆ ನಾಲ್ಕು ಸ್ಟೆಪ್ಪಿನ ಏಣಿ, ಕೊನೇ ಸ್ಟೆಪ್ ಅಗಲವಾದ ಪ್ಲಾಟ್‌ಫಾರ್ಮ್, ಅದರ ಮೇಲೆ ಮೊಣಕಾಲು ತಾಗೋಷ್ಟು ಎತ್ತರದ ಹಿಡಿಕೆ. ಹಿಡಿಕೆ ಇಲ್ಲದ್ದನ್ನ, ಪ್ಲಾಟ್‌ಫಾರ್ಮ್ ಇಲ್ಲದ್ದನ್ನ ಸುಮ್ನೆ ಕೊಟ್ರೂ ತಗೋಬೇಡಿ. ತೂಕ ತಡೆಯೋದು 150 ಕೆಜಿ ಅಂತ ಬರೆದಿರೋದು ಸಿಕ್ರೆ ಒಳ್ಳೇದು, ಯಾಕಂದ್ರೆ ಅದರಲ್ಲಿ ನಿಮ್ಮ ತೂಕದ ಜತೆ ಕೈಲಿರೋ ಹಿತ್ತಾಳೆ ಕೊಳಗದ್ದೂ ಸೇರತ್ತೆ.

ಬಿಚ್ಚಿ ನಿಲ್ಲಿಸಿದಾಗ ಅಂಥ ಏಣಿ ಮುಂದೆ ಹಿಂದೆ ಎರಡೂವರೆ ಮೂರಡಿ ಜಾಗ ತಿನ್ನತ್ತೆ, ಅಗಲ ಒಂದೂವರೆ ಅಡಿ. ಹಾಗಾಗಿ ಪ್ಯಾಸೇಜಿಗೆ ಅಡ್ಡಡ್ಡ ಅಲ್ಲ, ಉದ್ದಕ್ಕೆ ನಿಲ್ಲಿಸಿ, ಮುಖ ಅಟ್ಟದ ಬಾಯಿ ಕಡೆಗಿರಲಿ. ಆ ಪ್ಯಾಸೇಜಿಗೆ ತೆರ್ಕೊಳ್ಳೋ ಬಾಗಿಲು ಯಾವುದಾದ್ರೂ ಇದ್ರೆ ಹತ್ತೋ ಮುಂಚೆ ಚಿಲಕ ಹಾಕಿ. ಒಳಗೆ ಸ್ನಾನಕ್ಕೆ ಹೋದವರಿಗೆ ನೀವು ಏಣಿ ಮೇಲಿದ್ದೀರಿ ಅಂತ ಗೊತ್ತಿರಲ್ಲ, ಬಾಗಿಲು ತಳ್ಳಿದ್ರೆ ನೇರ ಏಣಿ ಕಾಲಿಗೆ. ಬಾತ್‌ರೂಮ್ ಮುಂದಿನ ಟೈಲ್ಸ್ ಒದ್ದೆ ಇದ್ರೆ ಒರೆಸಿ, ಕಾಲುಗಳ ರಬ್ಬರ್ ಸವೆದಿದ್ರೆ ಬದಲಾಯಿಸಿ, ಬಿಡಿಯಾಗಿ ಸಿಗತ್ತೆ.

ಇನ್ನು ಇಡೋ ಜಾಗ. ಮಡಚಿದಾಗ ನಾಲ್ಕೈದು ಇಂಚು ದಪ್ಪ ಇರತ್ತೆ, ಬೀರು ಪಕ್ಕದ ಸಂದೀಲೋ ಬೆಡ್‌ರೂಮ್ ಬಾಗಿಲ ಹಿಂದೆಯೋ ಹೋಗತ್ತೆ. ಮಂಚದ ಕೆಳಗೆ ತಳ್ಳೋ ಯೋಚನೆ ಇದ್ರೆ ಮಂಚದ ಕೆಳಗಿನ ಎತ್ತರಾನೂ ಅಳೆದು ಹೋಗಿ, ಬಾಕ್ಸ್ ಇರೋ ದಿವಾನ್ ಆದ್ರೆ ಮರೆತುಬಿಡಿ. ಒಂದು ಮಾತು, ತೆಗೆಯೋಕೆ ಕಷ್ಟ ಆಗೋ ಜಾಗದಲ್ಲಿ ಏಣಿ ಇಟ್ರೆ ಮತ್ತೆ ಸ್ಟೂಲೇ ಗತಿ, ಯಾರೂ ಏಣಿ ಎಳೆಯೋಕೆ ಹೋಗಲ್ಲ.

ಗೊಂಬೆ ವಿಷಯಕ್ಕೆ ಬರ್ತೀನಿ, ಅಸಲು ವಿಷಯ ಅದೇ. ಏಣಿ ಆರಿಸೋವಾಗ ಎಲ್ರೂ ಎಷ್ಟು ಎತ್ತರ ಹತ್ತಬೇಕು ಅಂತ ನೋಡ್ತಾರೆ, ಏನನ್ನ ಇಳಿಸಬೇಕು ಅಂತ ನೋಡಲ್ಲ. ಹತ್ತೋವಾಗ ಎರಡೂ ಕೈ ಖಾಲಿ, ಕಣ್ಣು ಮುಂದೆ, ಯಾರು ಬೇಕಾದ್ರೂ ಹತ್ತುತಾರೆ. ಇಳಿಯೋವಾಗ ಕೈ ತುಂಬ ಸಾಮಾನು, ಕಾಲಿಡೋ ಸ್ಟೆಪ್ ಕಾಣಲ್ಲ. ಮಣ್ಣಿನ ಗೊಂಬೆ ಎಲ್ಲ ಒಂದೇ ದೊಡ್ಡ ಟ್ರಂಕಲ್ಲಿ ತುಂಬಿಟ್ಟಿದ್ರೆ ಈ ಸಲ ದಸರಾ ಮುಗಿದ ಮೇಲೆ ಬಿಡಿಸಿ, ಒಂದೊಂದೂ ಐದು ಕೆಜಿ ಮೀರದ ಹಾಗೆ ಸಣ್ಣ ಸಣ್ಣ ರಟ್ಟಿನ ಡಬ್ಬಕ್ಕೆ ಹಾಕಿ ಮೇಲೆ ಹೆಸರು ಬರೀರಿ. ಮೇಲೆ ಒಬ್ರು, ಕೆಳಗೆ ಒಬ್ರು. ಮೇಲಿರೋರು ಡಬ್ಬ ಹಿಡ್ಕೊಂಡು ಒಂದು ಸ್ಟೆಪ್ಪೂ ಇಳೀಬಾರದು, ನಿಂತಲ್ಲಿಂದಲೇ ಕೆಳಗಿನವರ ಕೈಗೆ ಕೊಡಬೇಕು. ಆ ಹಿತ್ತಾಳೆ ಪಾತ್ರೆಗಳು ವರ್ಷಕ್ಕೊಂದು ಸಲ ಬಳಸ್ತೀರಾ ಇಲ್ವಾ ಯೋಚಿಸಿ, ಬಳಸೋದಾದ್ರೆ ನೆಲದ ಮಟ್ಟದಲ್ಲೇ ಜಾಗ ಮಾಡಿ, ಅತ್ತೆಯವರ ಹತ್ರ ನಾನು ಹೇಳ್ದೆ ಅಂತ ಹೇಳಬೇಡಿ.

ಪ್ರಶ್ನೆ: 20×30 ಸೈಟಲ್ಲಿ ಮನೆ ಕಟ್ಟಿಸ್ತಿದೀವಿ. ಹಾಲ್ ಎತ್ತರ 14 ಅಡಿ ಬಿಟ್ಟು, ಅರ್ಧ ಭಾಗಕ್ಕೆ ಎಂಟಡಿ ಮೇಲೆ ಒಂದು ಅಟ್ಟ ಹಾಕಿಸಿ, ಮಗನಿಗೆ ಓದೋಕೆ, ಮಲಗೋಕೆ ಕೊಡೋಣ ಅಂತ ಪ್ಲಾನ್. ಮೆಟ್ಟಿಲು ಹಾಕಿಸಿದ್ರೆ ಹಾಲೇ ಹೋಗತ್ತೆ, ಅದಕ್ಕೆ ಮಡಚೋ ಏಣಿ ಹಾಕಿಸಬಹುದಾ? ಮೇಸ್ತ್ರಿ ಆಗತ್ತೆ ಅಂತಾರೆ.
– ಖಾಸಗಿ ನೌಕರ, ತುಮಕೂರು

ಉತ್ತರ: ಮೇಸ್ತ್ರಿ ಯಾವತ್ತಾದ್ರೂ ಆಗಲ್ಲ ಅಂತ ಹೇಳಿದ್ದುಂಟಾ?

ಸಾಮಾನು ಇಡೋ ಅಟ್ಟ ಬೇರೆ, ಮನುಷ್ಯ ಇರೋ ಅಟ್ಟ ಬೇರೆ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಲಾಫ್ಟ್ ಅಂದ್ರೆ ಸಾಮಾನು ಇಡೋಕೆ, ಎತ್ತರ ಹೆಚ್ಚೆಂದರೆ ಒಂದೂವರೆ ಮೀಟರ್, ಅಂದ್ರೆ ಐದಡಿ ಹತ್ರ ಹತ್ರ. ಮನುಷ್ಯರು ಓಡಾಡೋ ಮಧ್ಯದ ಅಂತಸ್ತು, ಅಂದ್ರೆ ಮೆಜನೈನ್ ಆದ್ರೆ ಕಡಿಮೆ ಅಂದ್ರೂ 2.2 ಮೀಟರ್, ಏಳೂಕಾಲು ಅಡಿ. ನಿಮ್ಮ 14 ಅಡೀಲಿ ಕೆಳಗೆ ಎಂಟು, ಮಧ್ಯದ ಮೋಲ್ಡ್ ದಪ್ಪ ಕಳೆದ್ರೆ ಮೇಲೆ ಉಳಿಯೋದು ಐದೂವರೆ. ಅದು ಲಾಫ್ಟೂ ಅಲ್ಲ, ಮೆಜನೈನೂ ಅಲ್ಲ. ಮಗ ಈಗ ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬಹುದು, ಪಿಯುಸಿಗೆ ಬರೋ ಹೊತ್ತಿಗೆ ಅಲ್ಲಿ ತಲೆ ಬಗ್ಗಿಸ್ಕೊಂಡು ಓಡಾಡಬೇಕು, ಏಪ್ರಿಲ್ ತಿಂಗಳ ಬಿಸಿಲಿಗೆ ಮೇಲಿನ ಮೋಲ್ಡ್ ಕಾದು ನೇರ ತಲೆಗೇ ಕೂರತ್ತೆ. ಕೆಳಗೂ ಏಳೂಕಾಲು, ಮೇಲೂ ಏಳೂಕಾಲು ಬೇಕು ಅಂದ್ರೆ ಒಟ್ಟು 15 ಅಡಿ ಎತ್ತರ ಬೇಕು. ಇನ್ನೂ ಗೋಡೆ ಹಂತದಲ್ಲಿದ್ರೆ ಇಂಜಿನಿಯರ್ ಹತ್ರ ಈಗಲೇ ಮಾತಾಡಿ, ಒಂದಡಿ ಏರಿಸೋಕೆ ಆಗತ್ತಾ ಅಂತ.

ಎತ್ತರ ಸರಿಹೋಯ್ತು ಅಂತಲೇ ಇಟ್ಕೊಳ್ಳಿ, ದಿನಾ ಮಲಗೋ ಜಾಗಕ್ಕೆ ಮಡಚೋ ಏಣಿ ಬೇಡ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬಾತ್‌ರೂಮಿಗೆ ಇಳಿಯೋದನ್ನ ಯೋಚಿಸಿ. ಜ್ವರ ಬಂದ್ರೆ ಅವರಮ್ಮ ಗಂಜಿ ತಗೊಂಡು ಹತ್ತಬೇಕು.

ಜಾಗದ ಲೆಕ್ಕ ಹೇಳ್ತೀನಿ. ಎಂಟಡಿ ಎತ್ತರಕ್ಕೆ ಮಾಮೂಲಿ ಮೆಟ್ಟಿಲು, ಅಂದ್ರೆ ಏಳೂವರೆ ಇಂಚು ಎತ್ತರ, ಹತ್ತಿಂಚು ಅಗಲ ಅಂತಿಟ್ರೆ ನೇರವಾಗಿ ಹತ್ತಡಿ ಉದ್ದ ಬೇಕು. ಅದನ್ನೇ 60 ಡಿಗ್ರಿ ಕಡಿದಾಗಿ ಮಾಡಿದ್ರೆ ನಾಲ್ಕೂವರೆ ಅಡೀಲಿ ಮುಗಿಯತ್ತೆ, ಆದ್ರೆ ಹಿಂದುಮುಂದಾಗಿ ಇಳಿಯಬೇಕು, ಎರಡೂ ಕಡೆ ರೇಲಿಂಗ್ ಬೇಕೇ ಬೇಕು. ಬಲಗಾಲಿಗೊಂದು ಎಡಗಾಲಿಗೊಂದು ಅಂತ ಅರ್ಧರ್ಧ ಹಲಗೆ ಇರೋ ಮೆಟ್ಟಿಲೂ ಮಾಡ್ತಾರೆ, ಕಡಿಮೆ ಜಾಗದಲ್ಲಿ ಹತ್ತಬಹುದು, ಅಭ್ಯಾಸ ಆದವರಿಗೆ ಪರವಾಗಿಲ್ಲ, ಹಬ್ಬಕ್ಕೆ ಬಂದ ನೆಂಟರು ಎಡವೋದು ಖಂಡಿತ. ರೌಂಡ್ ಕಬ್ಬಿಣದ ಮೆಟ್ಟಿಲಿಗೆ ಐದಡಿ ವ್ಯಾಸ ಸಿಕ್ರೆ ಸಲೀಸು, ಆದ್ರೆ ಮಂಚ, ಟೇಬಲ್ಲು ಅದರಲ್ಲಿ ಹತ್ತಲ್ಲ, ಹಾಲಲ್ಲಿ ನಿಂತು ಹಗ್ಗದಲ್ಲಿ ಎಳೀಬೇಕು. ನನ್ನ ಕೇಳಿದ್ರೆ ಕಡಿದಾದ ಮರದ ಮೆಟ್ಟಿಲು ಹಾಕಿಸಿ, ಕೆಳಗಿನ ಜಾಗಕ್ಕೆ ಡ್ರಾಯರ್ ಮಾಡಿಸಿ, ಹಾಲು ಹೋಯ್ತು ಅಂತ ಅನ್ಸೋದೇ ಇಲ್ಲ.

ಇಲ್ಲ, ಬರೀ ಸಾಮಾನಿಗೇ ಬಳಸ್ತೀವಿ, ಮಡಚೋ ಏಣೀನೇ ಬೇಕು ಅಂತಾದ್ರೆ ಕಿಂಡಿ ಅಳತೆ ಮೊದಲು ಕೊಡಿ, ಸೆಂಟ್ರಿಂಗ್ ಹಾಕೋ ಮುಂಚೆ. ಮೋಲ್ಡ್ ಆದ ಮೇಲೆ ಕಟರ್ ತಂದು ಕೊರೆದ್ರೆ ಕಂಬಿಗಳು ಅರ್ಧಕ್ಕೆ ತುಂಡಾಗತ್ತೆ, ಮೊದಲೇ ಹೇಳಿದ್ರೆ ಕಿಂಡಿ ಸುತ್ತ ಹೆಚ್ಚುವರಿ ಕಂಬಿ ಕಟ್ಟಿ ಗಟ್ಟಿ ಮಾಡ್ತಾರೆ. ಏಣಿ ಕೊಂಡು ಆಮೇಲೆ ಕಿಂಡಿ ಬಿಡಿ, ಕಿಂಡಿ ಬಿಟ್ಟು ಏಣಿ ಹುಡುಕಬೇಡಿ.

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ. ಅಟ್ಟಕ್ಕೆ ಹೋಗೋ ಮರದ ಮೆಟ್ಟಿಲು ಎರಡಡಿ ಅಗಲ, ಭಾರೀ ಕಡಿದು, ಮೇಲೆ ಹಲಗೆ ಮುಚ್ಚಿಗೆ ಬಾಗಿಲು. ಅಡಿಕೆ ಮೂಟೆ, ಬೀಜದ ಭತ್ತ ಎಲ್ಲ ಮೇಲೇ ಇರೋದು. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ, ಬೇಡ ಅಂದ್ರೂ ಹತ್ತುತಾರೆ. ಅದನ್ನ ಕಿತ್ತು ಅಲ್ಯೂಮಿನಿಯಂ ಮಡಚೋ ಏಣಿ ಹಾಕೋಣ ಅಂತ ಮಗ ಹೇಳ್ತಾನೆ. ಇಲ್ಲ ಅಂದ್ರೆ ಮೆಣಸು ಕೊಯ್ಯೋ ಏಣೀನೇ ಸಾಕಾ?
– ಕೃಷಿಕ, ತೀರ್ಥಹಳ್ಳಿ

ಉತ್ತರ: ಮೆಣಸಿನ ಏಣಿ ಮನೆ ಒಳಗೆ ತರಲೇಬೇಡಿ. ಒಂಟಿ ಬಿದಿರಿನ ಏಣಿ ನಿಲ್ಲೋದು ಮರಕ್ಕೆ ಕಟ್ಟಿದಾಗ, ತೊಲೆಗೆ ಒರಗಿಸಿದ್ರೆ ಕಾಲಿಟ್ಟ ಕೂಡಲೇ ಉರುಳತ್ತೆ.

ಮರದ ಮೆಟ್ಟಿಲನ್ನೂ ಕೀಳಬೇಡಿ. ನಿಮ್ಮನೆ ಕಟ್ಟಿದ ಆಚಾರಿಗೆ ಜಾಗದ ಕಷ್ಟ ಗೊತ್ತಿತ್ತು, ಅದಕ್ಕೇ ಎರಡಡೀಲಿ ಮುಗಿಸಿದಾರೆ, ಅದಕ್ಕಿಂತ ಗಟ್ಟಿ ಏಣಿ ಆನ್‌ಲೈನಲ್ಲಿ ಸಿಗಲ್ಲ. ಮೆಟ್ಟಿಲು ಪಕ್ಕದ ಎರಡು ಹಲಗೆಗಳ ಬುಡ ನೆಲಕ್ಕೆ ತಾಗೋ ಕಡೆ ಒಂದು ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ, ಸಲೀಸಾಗಿ ಇಳಿದ್ರೆ ಗೆದ್ದಲು ಹಿಡಿದಿದೆ ಅಂತ, ಆಗ ಆ ಹಲಗೆ ಮಾತ್ರ ಬದಲಾಯಿಸಿ. ಕಾಲಿಟ್ಟೂ ಇಟ್ಟೂ ಮಧ್ಯ ಗುಂಡಿ ಬಿದ್ದ ಮೆಟ್ಟಿಲನ್ನ ತಿರುಗಿಸಿ ಹಾಕಬಹುದಾ ಅಂತ ಬಡಗಿಯನ್ನ ಕೇಳಿ.

ಕಷ್ಟ ಇರೋದು ಮೇಲಿನ ತುದೀಲಿ. ಮುಚ್ಚಿಗೆ ಬಾಗಿಲು ದಾಟಿ ಮೈ ಮೇಲೆ ಹೋದಾಗ ಹಿಡಿಯೋಕೆ ಏನೂ ಇರಲ್ಲ, ಮುದುಕರು ಅಟ್ಟದ ನೆಲಕ್ಕೆ ಕೈಯೂರಿ ತೆವಳ್ತಾರೆ. ಮೆಟ್ಟಿಲ ಎರಡೂ ಪಕ್ಕಕ್ಕೆ ಮರದ ಹಿಡಿ ಹಾಕಿಸಿ, ಅದು ಅಟ್ಟದ ನೆಲದಿಂದಲೂ ಮೂರಡಿ ಮೇಲಕ್ಕೆ ಹೋಗಲಿ. ಹಗ್ಗ ಇಳಿಬಿಟ್ಟಿರೋ ಪದ್ಧತಿ ನಿಮ್ಮ ಕಡೆ ಇದೆ, ಇರಲಿ, ಆದ್ರೆ ಹಗ್ಗ ಅಲ್ಲಾಡತ್ತೆ, ಮರ ಅಲ್ಲಾಡಲ್ಲ. ಬಾಗಿಲಿಗೆ ಎತ್ತಿದಾಗ ಸಿಕ್ಕಿಸೋ ಕೊಂಡಿ ಗಟ್ಟಿ ಇದೆಯಾ ನೋಡಿ, ಆ ಹಲಗೆ ತಲೆ ಮೇಲೆ ಬಿದ್ರೆ ಮಾತೇ ಇಲ್ಲ.

ಇನ್ನು ಮೂಟೆ. ಹೆಗಲ ಮೇಲೆ ಹೊತ್ಕೊಂಡು ಇಳಿಯೋದು ನಿಂತ್ರೆ ನಿಮ್ಮ ಭಯ ಮುಕ್ಕಾಲು ಪಾಲು ಹೋಗತ್ತೆ. ಕಿಂಡಿ ಮೇಲಿನ ಗಟ್ಟಿ ತೊಲೆಗೆ ಒಂದು ರಾಟೆ ಕಟ್ಟಿ, ಬಾವಿಗೆ ಹಾಕೋದೇ ಆಗತ್ತೆ, ಅರ್ಧರ್ಧ ಮೂಟೆ ಮಾಡಿ ಕೆಳಗಿಂದಲೇ ಹಗ್ಗ ಹಿಡಿದು ಇಳಿಸಿ, ಇಳಿಸೋವಾಗ ಮೆಟ್ಟಿಲ ಮೇಲಾಗಲೀ ಮೂಟೆ ಕೆಳಗಾಗಲೀ ಯಾರೂ ಇರಬಾರದು. ಅಪ್ಪಯ್ಯನ ಹಟ ಮಾತ್ರ ನನ್ನ ಕಾಲಮ್ಮಲ್ಲಿ ಬಗೆಹರಿಯಲ್ಲ. ಬೀಜದ ಭತ್ತ ಕೆಳಗೆ ಇಟ್ರೆ ಅವರು ಹತ್ತೋದು ತಾನಾಗೇ ಕಡಿಮೆ ಆಗಬಹುದು, ಇಲಿ ಕಾಟಕ್ಕೆ ಮುಚ್ಚಳ ಇರೋ ಡ್ರಮ್ ತಂದ್ರಾಯ್ತು.

ಪ್ರಶ್ನೆ: ನಾವು ಇಂಗ್ಲೆಂಡಲ್ಲಿದೀವಿ, ಮೂರು ಬೆಡ್‌ರೂಮಿನ ಮನೆ ತಗೊಂಡ್ವಿ. ಮೇಲೆ ಲಾಫ್ಟ್ ಇದೆ, ಚಿಕ್ಕ ಚೌಕದ ಕಿಂಡಿ, ಏಣಿ ಇಲ್ಲ. ಕಿಂಡಿ ಕೆಳಗಿನ ಲ್ಯಾಂಡಿಂಗ್ ತುಂಬ ಸಣ್ಣದು. ಊರಿಗೆ ಹೋಗಿಬರೋ ಸೂಟ್‌ಕೇಸುಗಳನ್ನ ಮೇಲೆ ಹಾಕಬೇಕು. ಯಾವುದು ತಗೊಳ್ಳಿ?
– ಐಟಿ ಉದ್ಯೋಗಿ, ರೆಡಿಂಗ್

ಉತ್ತರ: ಗಿರಿನಗರದವರಿಗೆ ಬೇಡ ಅಂದ ಏಣಿ ನಿಮಗೇ ಮಾಡಿದ್ದು. ಮೊದಲು ಟಾರ್ಚ್ ಹಿಡಿದು ಲಾಫ್ಟಿನೊಳಗೆ ತಲೆ ಹಾಕಿ ನೋಡಿ. ಒಂದರ ಪಕ್ಕ ಒಂದು, 60 ಸೆಂಟಿಮೀಟರ್ ಅಂತರದಲ್ಲಿ, ತೆಳು ಮರದ ತ್ರಿಕೋನಗಳು ಕಂಡ್ರೆ ಅದು ಟ್ರಸ್ ಚಾವಣಿ. ಅದರ ಯಾವ ಮರವನ್ನೂ ಗರಗಸ ಮುಟ್ಟಿಸಬಾರದು, ಒಂದು ಕತ್ತರಿಸಿದ್ರೂ ಇಡೀ ಚಾವಣಿ ಭಾರ ತಪ್ಪತ್ತೆ. ಮರದ ದಪ್ಪ ಕಳೆದ್ರೆ ಅಗಲ ಸಿಗೋದು 56 ಸೆಂಟಿಮೀಟರ್ ಆಸುಪಾಸು, ಹಾಗಾಗಿ ಕಿಂಡೀನ ಉದ್ದಕ್ಕೆ ಹಿಗ್ಗಿಸಬಹುದು, ಅಗಲಕ್ಕಲ್ಲ. ದೊಡ್ಡ ಸೂಟ್‌ಕೇಸ್ ಅಷ್ಟರಲ್ಲಿ ನೆಟ್ಟಗೆ ಹಿಡಿದ್ರೆ ತೂರತ್ತೆ, ಚಕ್ರ ಹ್ಯಾಂಡಲ್ ಸೇರಿಸಿ ಅಳೆದು ನೋಡಿ.

ಒಂದರ ಮೇಲೊಂದು ಜಾರೋ ಭಾಗಗಳಿರೋ ಅಲ್ಯೂಮಿನಿಯಂ ಏಣಿ ಅಗ್ಗ, ಗಟ್ಟಿ, ಆದ್ರೆ ಮಡಚಿದಾಗ ಅದು ಲಾಫ್ಟೊಳಗೆ ಮಲಗತ್ತೆ, ಕಿಂಡಿ ಹಿಂದೆ ನೀರಿನ ಟ್ಯಾಂಕೋ ಟ್ರಸ್ಸಿನ ಅಡ್ಡಮರವೋ ಇದ್ರೆ ತಿರುಗಲ್ಲ. ಎರಡು ಭಾಗದ್ದಕ್ಕಿಂತ ಮೂರು ಭಾಗದ್ದು ಗಿಡ್ಡ ಆಗತ್ತೆ. ಅದಕ್ಕೂ ಜಾಗ ಇಲ್ಲ ಅಂದ್ರೆ ಹಾರ್ಮೋನಿಯಂ ತಿದಿ ಥರ ಮಡಚ್ಕೊಂಡು ಕಿಂಡಿ ಒಳಗೇ ಕೂರೋದಿದೆ, ಬೆಲೆ ಜಾಸ್ತಿ, ನಿಮ್ಮಂಥ ಸಣ್ಣ ಕಿಂಡಿಗೆ ಹೇಳಿ ಮಾಡಿಸಿದ್ದು. ಪೆಟ್ಟಿಗೆ ಮೇಲೆ ಇಎನ್ 14975 ಅಂತಿದೆಯಾ ನೋಡಿ, ಲಾಫ್ಟ್ ಏಣಿಗೇ ಮಾಡಿರೋ ಯುರೋಪಿನ ಮಾನದಂಡ ಅದು.

ಇದೆಲ್ಲಕ್ಕಿಂತ ಮುಖ್ಯ, ಏಣಿ ಕಾಲು ಎಲ್ಲಿ ಇಳಿಯತ್ತೆ ಅನ್ನೋದು. ಆ ಮನೆಗಳಲ್ಲಿ ಕಿಂಡಿ ಮೆಟ್ಟಿಲ ನೆತ್ತಿ ಮೇಲೇ ಇರೋದು ಮಾಮೂಲಿ. ಏಣಿಯಿಂದ ಹಿಂದಕ್ಕೆ ಒಂದು ಹೆಜ್ಜೆ ಇಟ್ರೆ ಮೆಟ್ಟಿಲಿಂದ ಉರುಳೋ ಹಾಗಿದ್ರೆ ಏಣಿ ದಿಕ್ಕು ತಿರುಗಿಸಿ ಹಾಕಿಸಿ, ಇಳಿದವರ ಬೆನ್ನು ಗೋಡೆ ಕಡೆ ಇರಲಿ.

ಮೇಲೆ ಏನು ಬೇಕಾದ್ರೂ ತುಂಬಬಹುದು ಅಂತಲೂ ಅಲ್ಲ. ಟ್ರಸ್ ಚಾವಣೀನ ಸಾಮಾನ್ಯವಾಗಿ ಚದರ ಮೀಟರಿಗೆ 25 ಕೆಜಿ ಸಾಮಾನಿನ ಲೆಕ್ಕಕ್ಕೆ ಮಾಡಿರ್ತಾರೆ. ಖಾಲಿ ಸೂಟ್‌ಕೇಸಿಗೆ ಧಾರಾಳ. ಊರಿಂದ ತಂದ ಗ್ರೈಂಡರಿಗೆ, ಪುಸ್ತಕದ ಪೆಟ್ಟಿಗೆಗೆ ಅಲ್ಲ. ಚಳಿಗೆ ಹಾಸಿರೋ ಉಣ್ಣೆಯಂಥ ಹೊದಿಕೆ 27 ಸೆಂಟಿಮೀಟರ್ ದಪ್ಪ ಇರಬೇಕು ಅಂತ ಅಲ್ಲಿನ ಶಿಫಾರಸು, ಅದನ್ನ ಅದುಮಿ ಹಲಗೆ ಹಾಕಿದ್ರೆ ಮನೆ ತಣ್ಣಗಾಗತ್ತೆ, ಕಾಲು ಕೊಟ್ಟು ಎತ್ತರದಲ್ಲಿ ಹಲಗೆ ಹಾಕಿಸಿ. ಕಿಂಡಿ ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಹಾಕದೇ ಇದ್ರೆ ಅಡುಗೆಮನೆ ಹಬೆ ಎಲ್ಲ ಮೇಲೆ ಹೋಗಿ ತಣ್ಣನೆ ಚಾವಣಿಗೆ ತಾಗಿ ನೀರಾಗತ್ತೆ, ಸೂಟ್‌ಕೇಸಿಗೆ ಬೂಷ್ಟು ಹಿಡಿಯತ್ತೆ.

ಪ್ರಶ್ನೆ: ಟೆಲಿಸ್ಕೋಪಿಕ್ ಏಣಿ ಛಲೋ ಏನ್ರಿ? ಸಣ್ಣದಾಗಿ ಕಪಾಟಿನ್ಯಾಗ ಕೂಡತೈತಿ ಅಂತಾರ.
– ಅಂಗಡಿಯವರು, ಹುಬ್ಬಳ್ಳಿ

ಉತ್ತರ: ಕೂಡತ್ತೆ ರೀ, ಕೊಳವೆಗಳು ಒಂದರೊಳಗೊಂದು ಜಾರಿ ಮೂರಡಿ ಒಳಗೇ ಮಡಚ್ಕೊಳ್ಳತ್ತೆ. ಆದ್ರೆ ಉದ್ದದ್ದು ಹತ್ತು ಹನ್ನೆರಡು ಕೆಜಿ ತೂಗತ್ತೆ, ಒಂದೊಂದು ಮೆಟ್ಟಿಲಿಗೂ ಬೇರೆ ಲಾಕು, ಅಷ್ಟೂ ಟಕ್ ಅಂತ ಕೂತಿದೆಯಾ ಅಂತ ಕೆಳಗಿಂದ ಮೇಲಿನವರೆಗೆ ನೋಡಿಯೇ ಹತ್ತಬೇಕು. ಮಡಚೋವಾಗ ಮೆಟ್ಟಿಲ ನಡುವೆ ಬೆರಳು ಸಿಕ್ಕಿದ್ರೆ ಜಜ್ಜಿಹೋಗತ್ತೆ. ಅಂಗಡೀಲಿ ಸಿಮೆಂಟು, ಧೂಳು ಇದ್ರೆ ಕೊಳವೆ ಒಳಗೆ ಸೇರಿ ಲಾಕ್ ಕಚ್ಚತ್ತೆ. ತಗೊಳ್ಳೋದಾದ್ರೆ ಒರಗಿಸೋದಲ್ಲ, ಎರಡು ಕಡೆ ಕಾಲಿರೋದು ತಗೋರಿ.

ಪ್ರಶ್ನೆ: ಕಬ್ಬಿಣದ್ದಾ ಅಲ್ಯೂಮಿನಿಯಂದಾ? ಟೆರೇಸ್ ಟ್ಯಾಂಕಿಗೂ ಅದೇ ಬಳಸ್ಬೇಕು.
– ಮಂಗಳೂರು

ಉತ್ತರ: ನಿಮ್ಮ ಉಪ್ಪುಗಾಳಿಗೆ ಕಬ್ಬಿಣ ಬೇಡ, ಬೆಸುಗೆ ಹಾಕಿದ ಜಾಗದಲ್ಲಿ ಒಳಗಿಂದ ತುಕ್ಕು ತಿನ್ನತ್ತೆ, ಮೇಲಿನ ಪೇಂಟು ಚೆನ್ನಾಗೇ ಕಾಣ್ತಿರತ್ತೆ. ಅಟ್ಟಕ್ಕೆ ಅಲ್ಯೂಮಿನಿಯಂ ಸಾಕು. ಟೆರೇಸ್ ಹತ್ರ ಕರೆಂಟ್ ಲೈನ್ ಹೋಗಿದ್ರೆ ಮಾತ್ರ ಅಲ್ಯೂಮಿನಿಯಂ ಏಣಿ ಅಲ್ಲಿಗೆ ಒಯ್ಯಲೇಬೇಡಿ, ಫೈಬರ್ ಏಣಿ ಸಿಗತ್ತೆ, ಭಾರ, ದುಬಾರಿ, ಆದ್ರೂ ಅದೇ ತಗೊಳ್ಳಿ. ಫೈಬರ್ ಅಂತ ತಂತಿಗೆ ತಾಗಿಸೋದೂ ಬೇಡ, ದೂರ ದೂರವೇ ಇರಿ.

ಪ್ರಶ್ನೆ: ಏಣಿಯನ್ನು ಮನೆಯ ಯಾವ ದಿಕ್ಕಿನಲ್ಲಿ ಇಡಬೇಕು? ನಿಲ್ಲಿಸಬೇಕೇ, ಮಲಗಿಸಬೇಕೇ? ವಾಸ್ತು ಪ್ರಕಾರ ತಿಳಿಸಿ.
– ಓದುಗರು, ದಾವಣಗೆರೆ

ಉತ್ತರ: ವಾಸ್ತು ಹೇಳೋರು ಇದೇ ಪತ್ರಿಕೆ ಇನ್ನೊಂದು ಪುಟದಲ್ಲಿದ್ದಾರೆ, ಅವರನ್ನೇ ಕೇಳಿ. ಅವರು ಯಾವ ದಿಕ್ಕು ಹೇಳಿದ್ರೂ ಸರಿ, ನಿಲ್ಲಿಸೋದಾದ್ರೆ ಗೋಡೆಗೆ ಒಂದು ಕೊಕ್ಕೆ ಹೊಡೆದು ಸಿಕ್ಕಿಸಿ, ಮನೇಲಿ ಸಣ್ಣ ಮಕ್ಕಳಿದ್ರೆ ಮೇಲೆ ಎಳ್ಕೊಂಡುಬಿಡ್ತಾರೆ. ಮಲಗಿಸೋದಾದ್ರೆ ಓಡಾಡೋ ದಾರೀಲಿ ಬೇಡ.